ವಾಕಿಟಾಕಿ ಹಿಡಿಯುವ ಮುಂಚೆ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಬಾವಿಯ ಮೋಟಾರಿನ ಬಗ್ಗೆ ಲೇಖನ ಬಂದಿತ್ತು. ಈ ತಿಂಗಳು ವಿಜ್ಞಾನದ ಪಾಳಿ ನನ್ನದು. ವಾಕಿಟಾಕಿ ಬಗ್ಗೆ ಬರೆಯುತ್ತೇನೆ ಎಂದಾಗ ಹಿಂದಿನ ಬೆಂಚಿನವರು ನಕ್ಕರು. "ಅದರಾಗ ಬರಿಯೋದೇನದ? ಗುಂಡಿ ಒತ್ತಿದ್ರಾತು, ಮಾತಾಡಿದ್ರಾತು" ಅಂದರು. ನಾನೂ ಮೊದಲು ಹಂಗೇ ತಿಳಿದಿದ್ದೆ. ಹಂಗ ತಿಳಿದು ಒಂದು ತಪ್ಪು ಮಾಡಿದ್ದೇನೆ. ಅದನ್ನೂ ಈ ಲೇಖನದೊಳಗೇ ಬರೆಯುತ್ತೇನೆ.

ನಮ್ಮ ಭಾಗದಲ್ಲಿ ವಾಕಿಟಾಕಿ ನೋಡದವರು ಕಡಿಮೆ. ವಾಡಿ ಜಂಕ್ಷನ್‌ಗೆ ಹೋಗಿ ನಿಂತು ನೋಡಿರಿ. ಮುಂಬೈ ಕಡೆಯಿಂದ ಶಹಾಬಾದ್ ಮೇಲೆ ಬಂದ ಹಳಿ ಅಲ್ಲಿ ಒಡೆದು ಒಂದು ರಾಯಚೂರಿಗೆ ಹೋಗ್ತದ, ಇನ್ನೊಂದು ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದಿಗೆ ಹೋಗ್ತದ. ಗೂಡ್ಸ್ ಗಾಡಿ ಅಂದರೆ ಅರ್ಧ ಕಿಲೋಮೀಟರಿಗಿಂತ ಉದ್ದ. ಮುಂದೆ ಎಂಜಿನ್‌ನಲ್ಲಿ ಡ್ರೈವರ್, ಕಡೇ ಡಬ್ಬಿಯಲ್ಲಿ ಗಾರ್ಡ್. (2022ರಿಂದ ಗಾರ್ಡ್ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರು ಬದಲಾಗಿದೆ. ನಮ್ಮೂರಾಗ ಇನ್ನೂ ಗಾರ್ಡ್ ಸಾಹೇಬರೇ.) ಕೂಗಿದರೆ ಕೇಳಿಸುವಷ್ಟು ಹತ್ತಿರ ಅವರಿಬ್ಬರೂ ಇಲ್ಲ. ಅದಕ್ಕೇ ಇಬ್ಬರ ಕೈಯಲ್ಲೂ ಕಪ್ಪು ಸೆಟ್ ಇರ್ತದ. ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ, ಅವುಗಳಿಗೆ ಸುಣ್ಣದ ಕಲ್ಲು ಕೊಡುವ ಖಣಿಗಳಲ್ಲಿ, ಪೊಲೀಸರ ಬಳಿ, ಅರಣ್ಯ ಇಲಾಖೆಯವರ ಬಳಿ, ಜಾತ್ರೆಯ ಬಂದೋಬಸ್ತಿನಲ್ಲಿ ಎಲ್ಲಾ ಕಡೆ ಅದ.

ಮೊಬೈಲ್ ಇರುವಾಗ ಇದು ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಮೊಬೈಲ್‌ನಲ್ಲಿ ನಮ್ಮ ಮಾತು ನೇರವಾಗಿ ಗೆಳೆಯನ ಫೋನಿಗೆ ಹೋಗುವುದಿಲ್ಲ. ಟವರಿಗೆ ಹೋಗಿ, ಅಲ್ಲಿಂದ ಕಂಪನಿಯ ಯಂತ್ರಗಳಿಗೆ ಹೋಗಿ, ಮತ್ತೊಂದು ಟವರಿನಿಂದ ಇಳಿದು ಬರ್ತದ. ನಡುವೆ ಒಂದು ಕೊಂಡಿ ಕಳಚಿದರೂ ಮಾತು ಬಂದ್. ವಾಕಿಟಾಕಿಯಲ್ಲಿ ಒಂದು ಸೆಟ್ಟಿನಿಂದ ಹೊರಟ ಅಲೆ ಇನ್ನೊಂದು ಸೆಟ್ಟಿಗೆ ಸೀದಾ ಹೋಗ್ತದ. ನಂಬರ್ ಒತ್ತಬೇಕಾಗಿಲ್ಲ, ರಿಂಗ್ ಆಗಬೇಕಾಗಿಲ್ಲ. ಒಂದೇ ಚಾನೆಲ್ ಮೇಲೆ ಇರುವ ಇಪ್ಪತ್ತು ಮಂದಿಗೂ ಒಂದೇ ಸಲ ಕೇಳಿಸ್ತದ. ಆದರೆ ಒಂದು ಕಟ್ಟು ಅದ. ಒಬ್ಬರು ಮಾತಾಡುವಾಗ ಉಳಿದವರೆಲ್ಲಾ ಕೇಳಲೇಬೇಕು. ಊರ ಸೇದೋ ಬಾವಿಗೆ ಹಗ್ಗ ಒಂದೇ ಇದ್ದಂಗ. ಒಬ್ಬರು ಕೊಡ ಇಳಿಸಿದ್ದಾರೆ ಅಂದರೆ ಉಳಿದವರು ಕಟ್ಟೆ ಮೇಲೆ ನಿಂದರಬೇಕು.

ಈಗ ನಾವು ಮಾಡಿದ ಪ್ರಯೋಗ ಹೇಳುತ್ತೇನೆ.

ಫೆಬ್ರವರಿ 28, ವಿಜ್ಞಾನ ದಿನದಂದು ಕಲಬುರಗಿಯಿಂದ ಒಬ್ಬ ಹ್ಯಾಮ್ ಸಾಹೇಬರು ನಮ್ಮ ಶಾಲೆಗೆ ಬಂದಿದ್ದರು. ಹ್ಯಾಮ್ ಎಂದರೆ ಪರೀಕ್ಷೆ ಪಾಸ್ ಮಾಡಿ, ಸರಕಾರದ ಲೈಸೆನ್ಸ್ ಪಡೆದು, ದುಡ್ಡಿಗಲ್ಲದೆ ಹವ್ಯಾಸಕ್ಕಾಗಿ ರೇಡಿಯೋ ನಡೆಸುವವರು. ಅವರು ಲೈಸೆನ್ಸ್ ಬೇಡದ ಸಣ್ಣ ಸೆಟ್ ಮೂರು ತಂದಿದ್ದರು. ಮೊದಲು ಶಾಲೆಯ ಮೈದಾನದಲ್ಲಿ ಮಾತಾಡಿಸಿದರು, ಚಲೋ ಕೇಳಿಸಿತು. ಆಮೇಲೆ ಸರ್ ಜೊತೆ ಎಲ್ಲರೂ ಊರ ಹೊರಗಿನ ಹಳೇ ಪರ್ಸಿ ಖಣಿಗೆ ಹೋದೆವು. ನಮ್ಮ ಕಡೆ ಪರ್ಸಿ ತೆಗೆದು ಬಿಟ್ಟ ಖಣಿಗಳು ಹೆಂಗಿರ್ತಾವ ನಿಮಗೆ ಗೊತ್ತೇ ಇದೆ, ಗೋಡೆ ಕಟ್ಟಿದಂಗ ನೆಟ್ಟಗೆ ಇಳಿದಿರ್ತಾವ. ಅಲ್ಲಿ ಪಕ್ಕಪಕ್ಕ ಎರಡು ಖಣಿ, ನಡುವೆ ದಿಬ್ಬ. ನೀರಿಲ್ಲದ ಕಡೆಯಿಂದ ಸರ್ ಜೊತೆ ನಾನು ಒಂದರೊಳಗೆ ಇಳಿದೆ, ಹ್ಯಾಮ್ ಸಾಹೇಬರ ಜೊತೆ ಶಿವು ಇನ್ನೊಂದರೊಳಗೆ ಇಳಿದ. ನಡುವೆ ಇನ್ನೂರು ಹೆಜ್ಜೆಯೂ ಇರಲಿಕ್ಕಿಲ್ಲ. ಗುಂಡಿ ಒತ್ತಿ "ಶಿವು, ಕೇಳಸ್ತದೇನು?" ಅಂದೆ. ಬರೀ ಸೊರ್ ಅಂತ ಸಪ್ಪಳ. ಅವನೂ ಅಲ್ಲಿ ಒದರುತ್ತಿದ್ದನಂತೆ, ನನಗೆ ಒಂದಕ್ಷರ ಬರಲಿಲ್ಲ. ಮೈದಾನದಲ್ಲಿ ಇದಕ್ಕಿಂತ ದೂರ ಕೇಳಿಸಿತ್ತಲ್ಲ?

ಇದೇ ಮೊದಲ ಪಾಠ. ಈ ಸೆಟ್ಟುಗಳ ಅಲೆ ಹೆಚ್ಚುಕಡಿಮೆ ಬೆಳಕಿನ ಹಂಗ ಸೀದಾ ಹೋಗ್ತದ. ಗುಡ್ಡ, ಕಲ್ಲು, ಮಣ್ಣಿನ ದಿಬ್ಬ ಅಡ್ಡ ಬಂದರೆ ನೆರಳು ಬೀಳ್ತದ. ಚಿಂಚೋಳಿ ಕಡೆ ಗುಡ್ಡ, ಕಾಡು ಹೆಚ್ಚು. 2011ರಲ್ಲಿ ಅಲ್ಲಿ ವನ್ಯಜೀವಿ ಧಾಮ ಎಂದು ಘೋಷಣೆ ಆಗಿದೆ. ಅಲ್ಲಿನ ಕೊಳ್ಳದೊಳಗೆ ನಿಂತವರಿಗೆ ಗುಡ್ಡದ ಆಚೆಯವರ ಮಾತು ಸಿಗುವುದು ಕಷ್ಟ. ಸೇಡಂ ಕಡೆ ಬಯಲು ಹೊಲದಲ್ಲಿ ಅದೇ ಸೆಟ್ಟು ಬಹಳ ದೂರ ಹೋಗ್ತದ. ಸೆಟ್ ಕೆಟ್ಟಿದೆ ಎಂದು ಅದಕ್ಕೆ ಬಡಿಯಬ್ಯಾಡ್ರಿ. ಹತ್ತು ಹೆಜ್ಜೆ ಸರಿದು, ಇಲ್ಲಾ ಒಂದು ಬಂಡೆ ಹತ್ತಿ ನೋಡ್ರಿ.

ಆಮೇಲೆ ಹ್ಯಾಮ್ ಸಾಹೇಬರು ಮೂರನೇ ಸೆಟ್ ಕೊಟ್ಟು ನಮ್ಮ ತರಗತಿಯ ರೇಣುಕಾಳನ್ನು ನಡುವಿನ ದಿಬ್ಬದ ಮೇಲೆ ನಿಲ್ಲಿಸಿದರು. ಆಕೆಗೆ ನಾನೂ ಕೇಳಿಸುತ್ತಿದ್ದೆ, ಶಿವುನೂ ಕೇಳಿಸುತ್ತಿದ್ದ. ನಾನು ಹೇಳಿದ್ದನ್ನು ಕೇಳಿ ಆಕೆ ಅದನ್ನೇ ಮತ್ತೆ ಹೇಳುವುದು, ಶಿವು ಹೇಳಿದ್ದನ್ನೂ ಹಂಗೇ ನನಗೆ ಹೇಳುವುದು. ಕೆಲಸ ಆಯಿತು! ರಿಪೀಟರ್ ಅಂದರೆ ಇದೇ. ಎತ್ತರದಲ್ಲಿ ನಿಂತು, ಕೆಳಗಿನವರ ಮಾತು ಕೇಳಿ, ಅದನ್ನೇ ಜೋರಾಗಿ ಮತ್ತೆ ಹೇಳುವ ಯಂತ್ರ. ಆದರೆ ರೇಣುಕಾ ನನ್ನ ಮಾತು ಮುಗಿಯುವವರೆಗೆ ಕಾಯಬೇಕಾಗಿತ್ತು. ಯಾಕಂದ್ರ ಹೇಳುತ್ತಾ ಹೇಳುತ್ತಾ ಅದೇ ಚಾನೆಲ್‌ನಲ್ಲಿ ಕೇಳಲು ಬರುವುದಿಲ್ಲ. (ಮತ್ತೆ ಆಕೆ ನಾನು ಹೇಳಿದ್ದಕ್ಕೆ ತನ್ನದೂ ನಾಲ್ಕು ಮಾತು ಸೇರಿಸಿ ಹೇಳಿದಳು. ಯಂತ್ರ ಹಂಗ ಮಾಡೋದಿಲ್ಲ.)

ನಿಜವಾದ ರಿಪೀಟರ್ ಕಾಯುವುದಿಲ್ಲ. ಅದು ಒಂದು ಕಂಪನಾಂಕದಲ್ಲಿ ಕೇಳುತ್ತಾ ಅದೇ ಕ್ಷಣ ಇನ್ನೊಂದು ಕಂಪನಾಂಕದಲ್ಲಿ ಹೇಳುತ್ತದೆ. ಒಂದು ಉದಾಹರಣೆ. ನನ್ನ ಸೆಟ್ 145.100 ಮೆಗಾಹರ್ಟ್ಸ್‌ನಲ್ಲಿ ಕಳಿಸಿದರೆ, ರಿಪೀಟರ್ ಅದನ್ನು ಹಿಡಿದು 145.700ರಲ್ಲಿ ಹೊರಗೆ ಬಿಡುತ್ತದೆ. ನಮ್ಮೆಲ್ಲರ ಸೆಟ್ಟುಗಳು 145.700ರಲ್ಲಿ ಕೇಳುತ್ತಿರುತ್ತವೆ. ನಡುವಿನ 0.600 ಅಂತರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಎರಡೂ ಒಂದಕ್ಕೊಂದು ಕಲೆಯದಂತೆ ರಿಪೀಟರಿನಲ್ಲಿ ಡಬ್ಬಿಯಂಥ ಶೋಧಕಗಳು ಇರುತ್ತವೆ. ಇನ್ನು ಟೋನ್ ಅಂತ ಒಂದು ಅದ. ಗುಂಡಿ ಒತ್ತಿದಾಗ ನಮ್ಮ ಮಾತಿನ ಜೊತೆ ಒಂದು ಬಲು ಸಣ್ಣ ಗುಂಯ್ ಎನ್ನುವ ದನಿಯನ್ನು ಸೆಟ್ ತಾನೇ ಸೇರಿಸಿ ಕಳಿಸುತ್ತದೆ. ಬಾಗಿಲು ಬಡಿಯುವ ಗುರುತಿದ್ದಂಗ. ಆ ಗುರುತು ಇದ್ದರೆ ಮಾತ್ರ ರಿಪೀಟರ್ ಬಾಗಿಲು ತೆಗೆಯುತ್ತದೆ. ಹೊಸಬರು "ಎಲ್ಲಾ ಬರೋಬರಿ ಹಾಕೀನಿ, ರಿಪೀಟರ್ ಮಾತೇ ಆಡವಲ್ದು" ಎಂದು ಹೇಳಿದರೆ ಬಹಳ ಸಲ ಟೋನ್ ಹಾಕಿರುವುದಿಲ್ಲ, ಇಲ್ಲಾ ಆಫ್‌ಸೆಟ್ ಉಲ್ಟಾ ಆಗಿರುತ್ತದೆ.

ಎತ್ತರದ ಲೆಕ್ಕ ಬಹಳ ಚಂದ ಅದ, ಗಣಿತದ ಸರ್‌ಗೂ ಸೇರಿತು. ಆಂಟೆನಾ ಎಷ್ಟು ಮೀಟರ್ ಎತ್ತರ ಇದೆಯೋ ಅದರ ವರ್ಗಮೂಲವನ್ನು 4ರಿಂದ ಗುಣಿಸಿದರೆ ಅದರ ದಿಗಂತ ಎಷ್ಟು ಕಿಲೋಮೀಟರ್ ಎಂದು ಅಂದಾಜು ಸಿಗುತ್ತದೆ. 4 ಮೀಟರ್ ಎತ್ತರಕ್ಕೆ 8 ಕಿ.ಮೀ. 25 ಮೀಟರಿಗೆ 20 ಕಿ.ಮೀ. 100 ಮೀಟರಿಗೆ 40 ಕಿ.ಮೀ. ಇದು ಮರ, ಮನೆ, ಗುಡ್ಡ ಏನೂ ಅಡ್ಡ ಇಲ್ಲದ ಸಪಾಟು ನೆಲದ ಲೆಕ್ಕ. ಕೈಯಲ್ಲಿ ಹಿಡಿದ ಎರಡು ಸೆಟ್ಟು ಊರೊಳಗೆ ಎರಡು ಮೂರು ಕಿಲೋಮೀಟರ್ ಹೋದರೆ ಅದೇ ಹೆಚ್ಚು. ಹೊಸಬರು ಎಷ್ಟು ವ್ಯಾಟ್ ಎಂದು ಮೊದಲು ಕೇಳುತ್ತಾರೆ. 1 ವ್ಯಾಟಿನ ಸೆಟ್ ಬಿಟ್ಟು 5 ವ್ಯಾಟಿನದು ಹಿಡಿದರೆ ಐದು ಪಟ್ಟು ದೂರ ಹೋಗುವುದಿಲ್ಲ, ಸ್ವಲ್ಪವೇ ಹೆಚ್ಚಾಗ್ತದ. ಅದರ ಬದಲು ಮಾಳಿಗೆ ಹತ್ತುವುದು ಅಗ್ಗ.

ಇನ್ನು ನನ್ನ ತಪ್ಪು.

ನಮ್ಮ ಮಾಮಾ ಒಂದು ಸುಣ್ಣದ ಕಲ್ಲಿನ ಖಣಿಯಲ್ಲಿ ಟಿಪ್ಪರ್‌ಗಳ ಲೆಕ್ಕ ಇಡುತ್ತಾರೆ. ಹೋದ ದೀಪಾವಳಿ ರಜೆಯಲ್ಲಿ ನಾನು ಅವರ ಮನೆಗೆ ಹೋಗಿದ್ದೆ. ರಾತ್ರಿ ಕರೆದರೂ ಹೋಗಬೇಕಾದ ವಾರ ಅದು, ಹಾಗಾಗಿ ಸೆಟ್ ಮನೆಯಲ್ಲಿ ಚಾರ್ಜಿಗೆ ಇತ್ತು. ಮಾಮಾ ಸ್ನಾನಕ್ಕೆ ಹೋದಾಗ ನಾನು ಸೆಟ್ ತೆಗೆದುಕೊಂಡು ಪೊಲೀಸ್ ಆಟ ಆಡಿದೆ. ಗುಂಡಿ ಒತ್ತಿ "ಹಲೋ ಕಂಟ್ರೋಲ್ ರೂಮ್" ಅಂದೆ. ಅಷ್ಟರಲ್ಲಿ ಬಚ್ಚಲ ಬಾಗಿಲು ಸಪ್ಪಳ ಆಯಿತು. ಗಾಬರಿಯಾಗಿ ಸೆಟ್ ಒಯ್ದು ಮೂಲೆಯ ಕೌದಿಗಳ ಒಟ್ಟಲಿನ ನಡುವೆ ತುರುಕಿದೆ. ಕೌದಿಯ ಭಾರಕ್ಕೆ ಗುಂಡಿ ಒತ್ತಿಕೊಂಡೇ ಉಳಿಯಿತು. ನನಗೆ ಅದು ಗೊತ್ತೇ ಆಗಲಿಲ್ಲ.

ಖಣಿಯ ರಿಪೀಟರ್ ಅಲ್ಲಿಂದ ನಾಲ್ಕು ಕಿಲೋಮೀಟರ್, ಎತ್ತರದ ಟವರಿನ ಮೇಲೆ ಇತ್ತು. ಅದಕ್ಕೆ ನನ್ನ ಕೌದಿಯೊಳಗಿನ ಸೆಟ್ ಕೇಳಿಸುತ್ತಲೇ ಇತ್ತು. ರಿಪೀಟರಿಗೆ ಒಂದು ಗಡಿಯಾರ ಇರ್ತದ. ಯಾರಾದರೂ ಗುಂಡಿ ಬಿಡದೆ ಕೆಲವು ನಿಮಿಷ ಒತ್ತಿದರೆ, ಯಂತ್ರ ಸುಡಬಾರದೆಂದು ಅದು ತಾನಾಗಿ ಸುಮ್ಮನಾಗ್ತದ. ಆ ಒತ್ತಿದ ಗುಂಡಿ ಬಿಡುವ ತನಕ ಮತ್ತೆ ಏಳುವುದಿಲ್ಲ. ಅಂದರೆ ಅವತ್ತು ಇಡೀ ಖಣಿಗೆ ರಿಪೀಟರ್ ಇಲ್ಲ. ಸೆಟ್ಟಿನಲ್ಲೂ ಹಂಗೇ ತಾನೇ ನಿಲ್ಲುವ ಸೌಲಭ್ಯ ಹಾಕಲು ಬರುತ್ತದಂತೆ, ಆ ಸೆಟ್ಟಿಗೆ ಹಾಕಿರಲಿಲ್ಲ.

ಅದೇ ಹೊತ್ತಿಗೆ ಖಣಿಯ ತಳದಲ್ಲಿ ಒಂದು ಟಿಪ್ಪರ್ ಹಿಂದಕ್ಕೆ ಜಾರಿ, ಇಳಿದು ನಿಂತಿದ್ದ ಡ್ರೈವರ್ ಕಾಕಾರ ಕಾಲು ಸಿಕ್ಕಿಕೊಂಡಿತ್ತು. ಜೊತೆಯವರು ಸೆಟ್ಟಿನಲ್ಲಿ ಕರೆದರು, ಕರೆದರು, ಯಾರೂ ಓಗೊಡಲಿಲ್ಲ. ಕಡೆಗೆ ಒಬ್ಬರು ತಳದಿಂದ ಮೇಲಿನವರೆಗೆ ಓಡಿ ಹೋಗಿ ಹೇಳಿದರು. ಆಮೇಲೆ ಗಾಡಿ ಬಂತು. ಮಾಮಾ ಸೆಟ್ ಹುಡುಕಿ ಕೌದಿಯಿಂದ ತೆಗೆದಾಗ ಅದು ಕಾದು ಬೆಚ್ಚಗಾಗಿತ್ತು, ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಟ್ಟು ಇಪ್ಪತ್ತು ನಿಮಿಷ ಆಗಿರಬೇಕು. ಮಾಮಾ ನನಗೆ ಹೊಡೆಯಲಿಲ್ಲ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಖಣಿಯಲ್ಲಿ ಕೇಳಿದಾಗ "ನನ್ನ ಕೈಯಿಂದ ಆಗ್ಯದ" ಎಂದು ಹೇಳಿದರಂತೆ.

ಡ್ರೈವರ್ ಕಾಕಾ ಚೆನ್ನಾಗಿದ್ದಾರೆ, ಕಾಲಿಗೆ ರಾಡ್ ಹಾಕಿದ್ದಾರೆ. ಸಂತೆಯಲ್ಲಿ ನೋಡಿದೆ. ಇಪ್ಪತ್ತು ನಿಮಿಷ ಮುಂಚೆ ಗಾಡಿ ಬಂದಿದ್ದರೆ ಕಾಲು ಬೇರೆ ರೀತಿ ಇರುತ್ತಿತ್ತೋ ಇಲ್ಲೋ ನನಗೆ ಯಾರೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಅವರ ಮಗ ನಮ್ಮ ಶಾಲೆಯಲ್ಲೇ 5ನೇ ತರಗತಿಯಲ್ಲಿ ಓದುತ್ತಾನೆ. ಇದನ್ನು ಗೋಡೆಗೆ ಹಚ್ಚುವ ಮುಂಚೆ ಅವನಿಗೆ ಓದಿ ಹೇಳಿದ್ದೇನೆ. ಅವನು "ನಮ್ಮಪ್ಪಗ ನೀನೇ ಹೇಳು" ಅಂದ. ರವಿವಾರ ಮಾಮಾರ ಜೊತೆ ಅವರ ಮನೆಗೆ ಹೋಗುವುದಿದೆ. ಈ ಭಾಗ ಬೇಕಾದರೆ ಬಿಡು ಎಂದು ಸರ್ ಹೇಳಿದ್ದರು. ನಾನು ಬಿಡಲಿಲ್ಲ.

ಆದ್ದರಿಂದ ಹೊಸದಾಗಿ ಸೆಟ್ ಹಿಡಿಯುವವರಿಗೆ ಮೊದಲು ಹೇಳುವುದು ಗುಂಡಿ ಬಿಡುವುದನ್ನು. ಸೆಟ್ಟನ್ನು ಚೀಲದಲ್ಲಿ, ಸೊಂಟದಲ್ಲಿ, ದಿಂಬಿನ ಕೆಳಗೆ ಗುಂಡಿ ಅಮರುವಂತೆ ಇಡಬಾರದು. ಗುಂಡಿ ಬಿಟ್ಟ ಮೇಲೆ ಕೆಂಪು ದೀಪ ಆರಿತೋ ಇಲ್ಲೋ ನೋಡಬೇಕು. ಬಹಳ ಹೊತ್ತು ಯಾರ ಸಪ್ಪಳವೂ ಇಲ್ಲ ಎಂದರೆ ಎಲ್ಲರೂ ಸುಮ್ಮನಿದ್ದಾರೆ ಎಂದು ತಿಳಿಯಬ್ಯಾಡ್ರಿ, ನಿಮ್ಮದೇ ಗುಂಡಿ ಸಿಕ್ಕಿರಬಹುದು. ಇನ್ನೊಂದು. ರಿಪೀಟರ್ ಸತ್ತಾಗ ಏನು ಮಾಡಬೇಕು ಎಂದು ಮೊದಲೇ ಮಾತಾಡಿಕೊಂಡಿರಬೇಕು. ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತಾಡುವ ಒಂದು ಚಾನೆಲ್ ಇಟ್ಟುಕೊಂಡು, ರಿಪೀಟರ್ ಓಗೊಡದಿದ್ದರೆ ಎಲ್ಲರೂ ಅದಕ್ಕೆ ಬರಬೇಕು. ಖಣಿಯ ತಳದಿಂದ ಮೇಲಿನ ಆಫೀಸಿಗೆ ನೇರ ಕೇಳದಿದ್ದರೂ ಅಂಚಿನಲ್ಲಿ ನಿಂತ ಒಬ್ಬರಿಗೆ ಕೇಳಿಸ್ತದ. ಅವರು ರೇಣುಕಾ ಮಾಡಿದಂತೆ ಮುಂದಕ್ಕೆ ಹೇಳಬಹುದು.

ಮಾತಾಡುವ ಕ್ರಮ ಹೀಗೆ. ಚಾನೆಲ್ ಹಾಕಿದ ಕೂಡಲೇ ಒತ್ತಬಾರದು. ಮೊದಲು ಅರ್ಧ ನಿಮಿಷ ಕಿವಿಗೊಟ್ಟು ಕೇಳಬೇಕು, ಯಾರಾದರೂ ನಡುಮಾತಿನಲ್ಲಿ ಇರಬಹುದು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡು ಆಮೇಲೆ ಗುಂಡಿ ಒತ್ತಬೇಕು. ಒತ್ತಿ, ಮನಸ್ಸಿನೊಳಗೆ "ಒಂದು" ಎಂದು ಎಣಿಸಿ ಆಮೇಲೆ ಬಾಯಿ ತೆರೆಯಬೇಕು. ಯಾಕಂದ್ರ ರಿಪೀಟರ್ ಏಳಲು ಒಂದು ಗಳಿಗೆ ಬೇಕು, ಅಷ್ಟರಲ್ಲಿ ಹೇಳಿದ ಮೊದಲ ಅಕ್ಷರ ನುಂಗಿ ಹೋಗ್ತದ. ಸೆಟ್ ಬಾಯಿಯಿಂದ ನಾಲ್ಕು ಬೆರಳು ದೂರ, ಆಂಟೆನಾ ಮೇಲಕ್ಕೆ ನೆಟ್ಟಗೆ. ಒದರಬಾರದು, ಒದರಿದರೆ ದನಿ ಒಡೆದು ಏನೂ ತಿಳಿಯುವುದಿಲ್ಲ. ಮೊದಲು ಕರೆಯುವವರ ಹೆಸರು ಹೇಳಿ ಆಮೇಲೆ ನಮ್ಮ ಹೆಸರು: "ಶಿವು, ಶಿವು, ನಾನು ಖಣಿ ತಳದಿಂದ." ಮಾತು ಮುಗಿದರೆ "ಓವರ್". "ರೋಜರ್" ಅಂದರೆ ಹೂಂ ಎಂದಲ್ಲ, ಹೇಳಿದ್ದು ಪೂರ್ತಿ ಮುಟ್ಟಿತು ಎಂದು ಮಾತ್ರ. ಒಬ್ಬರು ಬಿಟ್ಟ ಮೇಲೆ ತಕ್ಷಣ ಒತ್ತದೆ ಎರಡು ಉಸಿರಿನಷ್ಟು ಜಾಗ ಬಿಡಬೇಕು. ನಡುವೆ ಅವಸರದ ಮಾತು ಇದ್ದವರು ಆ ಸಂದಿಯಲ್ಲಿ ಬರುತ್ತಾರೆ.

ಕನ್ನಡದಲ್ಲಿ ಮಾತಾಡುವವರಿಗೆ ಒಂದು ಬೇರೆ ತೊಂದರೆ ಅದ. ಇದು ನಾನೇ ಕಂಡುಹಿಡಿದದ್ದು, ಹ್ಯಾಮ್ ಸಾಹೇಬರು ಶಹಬ್ಬಾಸ್ ಅಂದರು. ನಮ್ಮ ಮಾತಿನಲ್ಲಿ "ಬ್ಯಾಡ" ಎಂಬುದು ಕಡೆಗೆ ಬರ್ತದ. "ಗಾಡಿ ಬಿಡಬ್ಯಾಡ್ರಿ" ಎಂದು ಹೇಳುತ್ತಾ ಗಡಿಬಿಡಿಯಲ್ಲಿ ಗುಂಡಿ ಬೇಗ ಬಿಟ್ಟರೆ ಆಚೆಯವರಿಗೆ "ಗಾಡಿ ಬಿಡ..." ಅಂತ ಮಾತ್ರ ಕೇಳಿಸ್ತದ. ಅವರು ಬಿಟ್ಟೇ ಬಿಟ್ಟರೆ? ಅದಕ್ಕೇ ತಡೆಯುವ ಮಾತನ್ನು ಮೊದಲಿಗೇ ಹಾಕಬೇಕು: "ನಿಲ್ಲಸ್ರಿ, ನಿಲ್ಲಸ್ರಿ. ಗಾಡಿ ಬಿಡಬ್ಯಾಡ್ರಿ." ಕಡೇ ಅಕ್ಷರ ಬಾಯಿಂದ ಹೊರಬಿದ್ದ ಮೇಲೆ ಗುಂಡಿಯಿಂದ ಬೆರಳು ತೆಗೆಯಬೇಕು. ಅಂಕಿಗಳದ್ದೂ ಇದೇ ಕಥೆ. ಸಪ್ಪಳದಲ್ಲಿ "ಇಪ್ಪತ್ತು" "ಎಪ್ಪತ್ತು" ಒಂದೇ ಥರ ಕೇಳಿಸ್ತಾವ. ನಾವು ಖಣಿಯಲ್ಲಿ ಆಡಿ ನೋಡಿದೆವು, ಹತ್ತರಲ್ಲಿ ಮೂರು ಸಲ ತಪ್ಪಿತು. "ಎರಡು, ಸೊನ್ನೆ" "ಏಳು, ಸೊನ್ನೆ" ಎಂದು ಬಿಡಿಬಿಡಿಯಾಗಿ ಹೇಳಿದಾಗ ಒಂದೂ ತಪ್ಪಲಿಲ್ಲ. ಮುಖ್ಯವಾದದ್ದನ್ನು ಕೇಳಿದವರು ಮರಳಿ ಹೇಳಬೇಕು, ಆಗ ತಪ್ಪಿದ್ದು ಅಲ್ಲೇ ಸಿಗ್ತದ.

ಸೆಟ್ಟಿನ ಜೋಪಾನ ಸ್ವಲ್ಪ. ಆಂಟೆನಾ ಇಲ್ಲದೆ ಗುಂಡಿ ಒತ್ತಲೇಬಾರದು, ಹೊರಗೆ ಹೋಗಬೇಕಾದ ಶಕ್ತಿ ಒಳಗೇ ತಿರುಗಿ ಭಾಗ ಸುಡಬಹುದು. ಆಂಟೆನಾ ಹಿಡಿದು ಸೆಟ್ ಎತ್ತಬಾರದು. ಸೊರ್ ಎನ್ನುವ ಸಪ್ಪಳ ತಡೆಯುವ ಬಾಗಿಲಿಗೆ ಸ್ಕ್ವೆಲ್ಚ್ ಎನ್ನುತ್ತಾರೆ. ಅದನ್ನು ಬಹಳ ಬಿಗಿ ಮಾಡಿದರೆ ದೂರದ ಸಣ್ಣ ದನಿಯೂ ಹೊರಗೇ ಉಳಿಯುತ್ತದೆ. ಬ್ಯಾಟರಿ ಕೇಳುವಾಗ ಸ್ವಲ್ಪ ತಿನ್ನುತ್ತದೆ, ಮಾತಾಡುವಾಗ ಬಹಳ ತಿನ್ನುತ್ತದೆ. ಮೋಡ ಗುಡುಗುವಾಗ ಎತ್ತರಕ್ಕೆ ಹತ್ತಬ್ಯಾಡ್ರಿ, ಆಂಟೆನಾ ಎತ್ತಬ್ಯಾಡ್ರಿ. ಮತ್ತೆ ನಮ್ಮ ಕಡೆಯವರಿಗೆ ಬಹಳ ಮುಖ್ಯವಾದದ್ದು: ಖಣಿಯಲ್ಲಿ ಸುರಂಗ ಹೊಡೆಯಲು ವೈರ್ ಜೋಡಿಸುವ ಕಡೆ ಸೆಟ್ಟಿನ ಗುಂಡಿ ಒತ್ತಬಾರದು. ವಿದ್ಯುತ್ತಿನಿಂದ ಸಿಡಿಯುವ ಕೇಪಿನ ವೈರ್ ತಾನೇ ಆಂಟೆನಾ ಆಗಿ ಅಲೆಯನ್ನು ಹಿಡಿಯಬಹುದು. ಅಲ್ಲಿ ಹಾಕಿದ ಬೋರ್ಡ್ ಓದಬೇಕು, ಬೋರ್ಡ್ ಇಲ್ಲದಿದ್ದರೂ ದೂರ ಇರಬೇಕು.

ಕಾನೂನಿನ ಮಾತು ಹೇಳದಿದ್ದರೆ ನೀವೆಲ್ಲಾ ನಾಳೆಯೇ ಮೊಬೈಲ್‌ನಲ್ಲಿ ಆರ್ಡರ್ ಮಾಡುತ್ತೀರಿ. ಎಲ್ಲಾ ಸೆಟ್ಟನ್ನೂ ಎಲ್ಲರೂ ಇಟ್ಟುಕೊಳ್ಳುವಂತಿಲ್ಲ. ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ನಡೆಯುವ, ಒಪ್ಪಿಗೆ ಪಡೆದ, ಕಡಿಮೆ ಶಕ್ತಿಯ ಸಣ್ಣ ಸೆಟ್ಟುಗಳಿಗೆ 2018ರ ನಿಯಮದಂತೆ ಲೈಸೆನ್ಸ್ ಬೇಡ. ಹ್ಯಾಮ್ ಸಾಹೇಬರು ತಂದದ್ದು ಅಂಥವು. ರಿಪೀಟರ್ ಮೂಲಕ ಮಾತಾಡುವ ದೊಡ್ಡ ಸೆಟ್ಟುಗಳಿಗೆ ಲೈಸೆನ್ಸ್ ಬೇಕೇ ಬೇಕು. ಅಗ್ಗವಾಗಿ ಸಿಗುವ ಕೆಲವು ಸೆಟ್ಟುಗಳು ಪೊಲೀಸರ, ರೈಲಿನ ಚಾನೆಲ್‌ಗಳ ಮೇಲೂ ಮಾತಾಡಬಲ್ಲವು. ಅದೇ ಅಪಾಯ. ಇಂಥವನ್ನು ಆನ್‌ಲೈನ್‌ನಲ್ಲಿ ಬೇಕಾಬಿಟ್ಟಿ ಮಾರುವುದನ್ನು ತಡೆಯಲು 2025ರಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿದೆ. ನನ್ನಂಥ ಒಬ್ಬ ಹುಡುಗ ವಾಡಿಯಲ್ಲಿ ಕುಳಿತು ರೈಲಿನ ಚಾನೆಲ್ ಮೇಲೆ "ಹಲೋ ಕಂಟ್ರೋಲ್ ರೂಮ್" ಅಂದರೆ ಏನಾದೀತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಖುಷಿಯ ಸುದ್ದಿ ಏನೆಂದರೆ ಹ್ಯಾಮ್ ಪರೀಕ್ಷೆಗೆ 12 ವರ್ಷ ತುಂಬಿದರೆ ಸಾಕು. ನನಗೆ 13. ಮೊದಲ ಹಂತದ ಪರೀಕ್ಷೆಗೆ ಮೋರ್ಸ್ ಕಟ್ಟ-ಕಡ ಬರಬೇಕೆಂದಿಲ್ಲ. ರೇಡಿಯೋ ಹೇಗೆ ಕೆಲಸ ಮಾಡುತ್ತದೆ, ನಿಯಮಗಳೇನು ಎಂಬ ಪ್ರಶ್ನೆಗಳಿರುತ್ತವೆ. ಪಾಸಾಗಿ ಲೈಸೆನ್ಸ್ ಸಿಕ್ಕರೆ ವಿಯು3 ಎಂದು ಶುರುವಾಗುವ ಕರೆ-ಹೆಸರು ಸಿಗುತ್ತದೆ. ಜಗತ್ತಿನಲ್ಲಿ ಆ ಹೆಸರು ಇನ್ನೊಬ್ಬರಿಗೆ ಇರುವುದಿಲ್ಲ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್, ಅವರದು ವಿಯು2ಆರ್‌ಜಿ.

ಹ್ಯಾಮ್‌ಗಳು ಬರೀ ಹರಟೆ ಹೊಡೆಯುತ್ತಾರೆ ಎಂದು ತಿಳಿಯಬಾರದು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬುವರ ತಂಡ ಅಂಡಮಾನ್‌ನ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸದ ಸೆಟ್ ಹೂಡಿ ದೇಶವಿದೇಶದವರ ಜೊತೆ ಮಾತಾಡುತ್ತಿತ್ತು. 26ನೇ ತಾರೀಖು ಸುನಾಮಿ ಬಂತು. ಫೋನುಗಳು ಹೋದವು. ಅವರು ಆಟ ಅಲ್ಲಿಗೇ ಬಿಟ್ಟು, ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಎಂಬ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ನಮ್ಮ ಕಡೆ 2020ರ ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿ ಸೇಡಂ, ಚಿತ್ತಾಪುರ ಕಡೆ ಊರುಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬೇಕು. ಆಗ ನಾನು 2ನೇ ತರಗತಿ, ಕೊರೊನಾ ಅಂತ ಸಾಲಿಯೂ ಬಂದ್ ಇತ್ತು. ಮನೆಯಲ್ಲಿ ಎರಡು ದಿವಸ ಕರೆಂಟ್ ಇಲ್ಲದೆ ಅಪ್ಪನ ಮೊಬೈಲ್ ಕಪ್ಪಾಗಿ ಬಿದ್ದಿತ್ತು. ಆಯಿ ತವರುಮನೆಯ ಸುದ್ದಿ ತಿಳಿಯದೆ ಬಾಗಿಲಲ್ಲೇ ಕುಳಿತಿದ್ದಳು. ಬ್ಯಾಟರಿ ಮೇಲೆ ನಡೆಯುವ ಎರಡು ಸೆಟ್ ಆಗ ಊರಲ್ಲಿ ಇದ್ದಿದ್ದರೆ ಎಂದು ಈಗ ಅನಿಸುತ್ತದೆ.

ಆಕಾಶದಲ್ಲೂ ರಿಪೀಟರ್ ಇರುತ್ತದೆ ಎಂದರೆ ನಂಬುತ್ತೀರಾ? ಇಸ್ರೋದವರು 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೋಸ್ಯಾಟ್-1 ಜೊತೆ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಸಣ್ಣ ಉಪಗ್ರಹ ಹಾರಿಸಿದ್ದರು. ಹ್ಯಾಮ್‌ಗಳು ಕೆಳಗಿನಿಂದ ಕಳಿಸಿದ ದನಿಯನ್ನು ಹಿಡಿದು ಬೇರೆ ಕಂಪನಾಂಕದಲ್ಲಿ ಮರಳಿ ಬಿಡುವುದೇ ಅದರ ಕೆಲಸ. 2014ರಲ್ಲಿ ಬ್ಯಾಟರಿ ಕೆಟ್ಟು ನಿಂತಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಹ್ಯಾಮ್ ರೇಡಿಯೋ ಅದ. 2025ರ ಜುಲೈನಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿಂದ ಹ್ಯಾಮ್ ರೇಡಿಯೋ ಮೇಲೆ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರಕ್ಕೆ ಬಂದ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ನಿಲ್ದಾಣ ದಿಗಂತ ದಾಟುವ ತನಕ ಹತ್ತು ನಿಮಿಷ ಅಷ್ಟೇ ಸಿಗುವುದು. ಅಲ್ಲೂ ಒಬ್ಬರು ಕೇಳಿ "ಓವರ್" ಎಂದ ಮೇಲೆಯೇ ಮೇಲಿನಿಂದ ಉತ್ತರ.

ಹ್ಯಾಮ್ ಪರೀಕ್ಷೆಗೆ ಹೆಸರು ಕೊಡುವವರು ವಿಜ್ಞಾನದ ಸರ್ ಹತ್ತಿರ ಬರೆಸಬೇಕು. ಇಲ್ಲಿಯವರೆಗೆ ರೇಣುಕಾ, ಶಿವು ಮತ್ತು ನಾನು ಮೂರೇ ಮಂದಿ ಆಗಿದ್ದೇವೆ. ಖಣಿ, ದಿಬ್ಬ, ರಿಪೀಟರಿನ ಚಿತ್ರ ಬರೆದು ಕೆಳಗೆ ಅಂಟಿಸಿದ್ದೇನೆ. ದಿಬ್ಬದ ಮೇಲಿರುವುದು ರೇಣುಕಾ, ಚಿತ್ರ ಹೋಲುವುದಿಲ್ಲ ಎಂದು ಆಕೆ ಜಗಳ ತೆಗೆದಿದ್ದಾಳೆ. ತಪ್ಪಿದ್ದರೆ ದಾರದಲ್ಲಿ ಕಟ್ಟಿದ ಪೆನ್ಸಿಲ್‌ನಿಂದ ಪಕ್ಕದಲ್ಲಿ ಬರೆಯಿರಿ, ಪೆನ್ಸಿಲ್ ಒಯ್ಯಬ್ಯಾಡ್ರಿ.

— 7ನೇ ತರಗತಿ